ಹಾರ್ಟ್ ಆಪರೇಷನ್ನಿಗೆ ಮೊದಲು ಹುಳುಕು ಹಲ್ಲು: ಅನುಭವ ಇದ್ದವರು ಹೇಳಿ

ಪ್ರಶ್ನೆ, ತಿಪಟೂರಿನಿಂದ:
ಮಗಳಿಗೆ ನಾಲ್ಕು ವರ್ಷ, ತೂಕ 12 ಕೆ.ಜಿ. ಟೆಟ್ರಾಲಜಿ ಆಫ್ ಫ್ಯಾಲೋ (ಹುಟ್ಟಿನಿಂದಲೇ ಬರೋ ಹೃದಯದ ಕಾಯಿಲೆ) ಇದೆ, ಜೋರಾಗಿ ಅತ್ತರೆ ತುಟಿ, ಉಗುರು ನೀಲಿ ಆಗುತ್ತೆ. ಇನ್ನೆರಡು ತಿಂಗಳಲ್ಲಿ ಬೆಂಗಳೂರಲ್ಲಿ ಆಪರೇಷನ್. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿವೆ. "ಮೊದಲು ಹಲ್ಲು ಸರಿಮಾಡಿಸ್ಕೊಂಡು ಬನ್ನಿ, ಆಮೇಲೇ ಡೇಟ್" ಅಂದಿದ್ದಾರೆ. ಇಲ್ಲಿನ ಡೆಂಟಿಸ್ಟ್ ನೋಡಿದ್ರೆ "ಹಾರ್ಟ್ ಪೇಷಂಟ್, ನಾನು ಮುಟ್ಟಲ್ಲ" ಅಂತಾರೆ. ಬಿದ್ದುಹೋಗೋ ಹಾಲುಹಲ್ಲಿಗೆ ಇಷ್ಟೆಲ್ಲ ಯಾಕೆ ಅಂತ ನಮ್ಮತ್ತೆ. ನೀವೆಲ್ಲ ಏನು ಮಾಡಿದ್ರಿ?

ದಾವಣಗೆರೆಯ ಅಮ್ಮ:
ನಮ್ಮ ಮಗನದೂ ಇದೇ ಕಾಯಿಲೆ ಅಕ್ಕ. ಇಬ್ಬರು ಡೆಂಟಿಸ್ಟ್ ವಾಪಸ್ ಕಳಿಸಿದ್ರು. ಕೊನೆಗೆ ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದ್ವಿ, ಅವರು ಮೊದಲು ಕೇಳಿದ್ದೇ ಹಾರ್ಟ್ ಡಾಕ್ಟರ ಚೀಟಿ. ಕಾಯಿಲೆ ಹೆಸರು, ಆಂಟಿಬಯೋಟಿಕ್ ಬೇಕಾ, ಬೇಕಿದ್ರೆ ಎಷ್ಟು, ಮರಗಟ್ಟಿಸೋ ಇಂಜೆಕ್ಷನ್ ಸಾಕಾ ಇಲ್ಲ ಪೂರ್ತಿ ಅನಸ್ತೇಶಿಯಾನಾ, ಇಷ್ಟನ್ನೂ ಬರೆಸ್ಕೊಳ್ಳಿ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಜೆರಾಕ್ಸ್ ಜೊತೆಗಿರಲಿ.

ನಮಗೆ ಬರೆದದ್ದು ಅಮಾಕ್ಸಿಸಿಲಿನ್, ಕೆ.ಜಿ.ಗೆ 50 ಮಿ.ಗ್ರಾಂ, ಹಲ್ಲಿಗೆ ಕೈ ಹಾಕೋ ಒಂದು ಗಂಟೆ ಮೊದಲು, ಒಂದೇ ಸಲ. ಅವನೂ ಆಗ 12 ಕೆ.ಜಿ., ಅಂದ್ರೆ 600 ಮಿ.ಗ್ರಾಂ. 5 ಎಂ.ಎಲ್.ಗೆ 250 ಇರೋ ಸಿರಪ್ಪಲ್ಲಿ 12 ಎಂ.ಎಲ್. ಆಗುತ್ತೆ. ನಿಮ್ಮ ಮಗುಗೆ ಡಾಕ್ಟ್ರೇ ಬರೀಬೇಕು, ಪೆನಿಸಿಲಿನ್ ಅಲರ್ಜಿ ಇದ್ರೆ ಔಷಧಿನೇ ಬೇರೆ. ಮೊದಲ ದಿನ ಮನೇಲೇ ಕುಡಿಸಿ ಹೊರಟೆ, ಆಟೋದಲ್ಲಿ ಅಷ್ಟೂ ವಾಂತಿ. ಆ ದಿನದ ಸರದಿ ಹೋಯ್ತು. ಎರಡನೇ ಸಲ ಆಸ್ಪತ್ರೆ ಬೆಂಚಿನ ಮೇಲೇ ಕುಡಿಸಿದೆ.

ಬೆಳಗ್ಗೆ ಮೊದಲ ಸರದಿ ಕೇಳಿ. ನಮ್ಮವನು ಕಾದು ಕಾದು ಅತ್ತು ನೀಲಿಯಾದ, ಮಂಡಿ ಎದೆಗೆ ಒತ್ತಿ ಹಿಡ್ಕೊಂಡು ಕೂತಿದ್ದೆ, ಡಾಕ್ಟ್ರು ಆಕ್ಸಿಜನ್ ಹಿಡಿದ್ರು. ರೂಟ್ ಕೆನಾಲ್ ಬೇಡ, ಒಳಗೆ ಸೋಂಕು ಉಳಿದ್ರೆ ಕಷ್ಟ ಅಂತ ಎರಡೂ ಹಲ್ಲು ಕಿತ್ತರು.

ಶಿವಮೊಗ್ಗದ ಅಜ್ಜಿ:
ಹಾಲುಹಲ್ಲು ತಾನೆ ಅಂತ ನಾನೂ ಅಂದವಳೇ ಕಣಮ್ಮ. ಮೊಮ್ಮಗಳಿಗೆ ದಿನಕ್ಕೆರಡು ಸಲ ಔಷಧಿ, ಕುಡಿಸಿದ ಕೂಡಲೇ ಬಾಯಿಗೆ ಒಂದು ಚೂರು ಕಲ್ಲುಸಕ್ಕರೆ. ತೂಕ ಏರಲಿ ಅಂತ ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬೇರೆ, ಅದನ್ನು ಚೀಪ್ತಾನೇ ನಿದ್ದೆ. ಮೇಲಿನ ಮುಂದಿನ ನಾಲ್ಕೂ ಹಲ್ಲು ಕಪ್ಪಾಗಿ ಒಸಡಿನವರೆಗೆ ಸವೆದುಹೋದ್ವು. ಒಸಡಿನ ಕ್ರಿಮಿ ರಕ್ತಕ್ಕೆ ಇಳಿದು ಹೃದಯದ ಒಳಪದರದಲ್ಲಿ ಕೂತ್ಕೊಳ್ಳುತ್ತೆ ಅಂತ ಡಾಕ್ಟ್ರು ಚಿತ್ರ ಬರೆದು ತೋರಿಸಿದ ದಿನ ನನಗೆ ಊಟ ಸೇರ್ಲಿಲ್ಲ.

ಈಗ ಔಷಧಿ ಆದ್ಮೇಲೆ ಎರಡು ಗುಟುಕು ನೀರು. ರಾತ್ರಿ ತೊಡೆ ಮೇಲೆ ಅಂಗಾತ ಮಲಗಿಸ್ಕೊಂಡು ನಾನೇ ಬ್ರಷ್ ಮಾಡ್ತೀನಿ, ಅವಳಿಗೇ ಬಿಟ್ರೆ ಪೇಸ್ಟ್ ತಿಂತಾಳೆ ಅಷ್ಟೇ. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಇದೆಯಾ ನೋಡು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಒಸಡಲ್ಲಿ ರಕ್ತ ಬಂತು ಅಂತ ಉಜ್ಜೋದು ನಿಲ್ಲಿಸಬೇಡ.

ಮೈಸೂರಿನ ಅಪ್ಪ:
ಓದಿದವರು ಗಾಬರಿಯಾಗಬೇಡಿ, ಹಲ್ಲಿಗೆ ಕೈ ಹಾಕೋ ಮೊದಲಿನ ಆ ಆಂಟಿಬಯೋಟಿಕ್ ಡೋಸ್ ಹೃದಯದಲ್ಲಿ ತೂತು ಇರೋ ಎಲ್ಲ ಮಕ್ಕಳಿಗೂ ಬೇಕು ಅಂತಿಲ್ಲ. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪಟ್ಟಿ ಸಣ್ಣದು ಮಾಡಿತು: ಕೃತಕ ವಾಲ್ವ್ ಇದ್ದವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕು ಬಂದವರು, ನೀಲಿಯಾಗುವ ಕಾಯಿಲೆಗೆ ಇನ್ನೂ ಆಪರೇಷನ್ ಆಗದವರು, ತೂತು ಮುಚ್ಚೋ ಪ್ಯಾಚ್ ಹಾಕಿಸಿ ಆರು ತಿಂಗಳಾಗದವರು, ಹೀಗೆ ಕೆಲವರಿಗೆ ಮಾತ್ರ. ನಮ್ಮವಳದು ಸಣ್ಣ ವಿಎಸ್‌ಡಿ (ಹೃದಯದ ಕೆಳಗಿನ ಎರಡು ಕೋಣೆ ನಡುವಿನ ತೂತು), ಬೇಡ ಅಂದ್ರು. ಹಲ್ಲು ಅಲುಗಾಡಿ ತಾನೇ ಬಿದ್ದರೆ ಯಾರಿಗೂ ಬೇಕಿಲ್ಲ.

ಧಾರವಾಡದಿಂದ:
ಅಕ್ಕಾರ, ಆಪರೇಷನ್ ಆದಮ್ಯಾಲೂ ಹಲ್ಲಿನ ಕಾಳಜಿ ಮುಗಿಯಂಗಿಲ್ರಿ. ನಮ್ಮ ಹುಡುಗಗ ವಾಲ್ವ್ ಹಾಕ್ಯಾರ, ದಿನಾ ವಾರ್ಫರಿನ್ ಗುಳಿಗಿ, ರಕ್ತ ಹೆಪ್ಪುಗಟ್ಟಬಾರದಂತ. ಹಲ್ಲು ಕೀಳಸೋ ಮುಂದ ಗುಳಿಗಿ ನಾವಾಗೇ ಬಿಡಿಸಬಾರದು, ಐಎನ್‌ಆರ್ (ರಕ್ತ ಹೆಪ್ಪುಗಟ್ಟೂದು ನೋಡೋ ಟೆಸ್ಟ್) ನೋಡಿ ಹಾರ್ಟ್ ಡಾಕ್ಟರೇ ಹೇಳ್ತಾರ. ಹಲ್ಲುನೋವು ಅಂತ ಔಷಧ ಅಂಗಡ್ಯಾಗಿನ ಐಬುಪ್ರೊಫೆನ್ ಕೊಟ್ಟಗಿಟ್ಟೀರಿ, ರಕ್ತ ನಿಲ್ಲೂದಿಲ್ಲ.

ಹೋದ ವರ್ಷ ಹತ್ತು ದಿನ ಜ್ವರ ಬಿಟ್ಟು ಬಿಟ್ಟು ಬಂತು. ಊರಾಗಿನ ಕ್ಲಿನಿಕ್ಕಿನವರು ಎರಡು ಸಲ ಆಂಟಿಬಯೋಟಿಕ್ ಬರದ್ರು. ದೊಡ್ಡ ಆಸ್ಪತ್ರ್ಯಾಗ ಅದಕ್ಕ ಬೈಸಿಕೊಂಡ್ವಿ. ಬ್ಲಡ್ ಕಲ್ಚರ್ ತಗೋಳೂಕಿಂತ ಮೊದಲ ಔಷಧ ಬಿದ್ರ ಕ್ರಿಮಿ ಯಾವುದಂತ ಸಿಗೂದಿಲ್ಲಂತ. ಅಜ್ಜಿ ಹೇಳಿದ ಹೃದಯದ ಸೋಂಕೇ ಅದು, ಆರು ವಾರ ನರದಾಗ ಇಂಜೆಕ್ಷನ್ ನಡೀತು.

ತಿಪಟೂರಿನಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಚೀಟಿಗೆ ಫೋನ್ ಮಾಡಿದೀನಿ, ಶುಕ್ರವಾರ ಕೊಡ್ತಾರಂತೆ. ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದವರೇ ಮಗಳ ಹಾರ್ಟ್ ತೊಂದರೆ ಹಿಡಿದಿದ್ದು. ಅವರ ಪಟ್ಟಿಯಲ್ಲಿ ಹಲ್ಲೂ ಇದೆ ಅಂತ ಇವತ್ತು ಕೇಳಿದ ಮೇಲೇ ಗೊತ್ತಾಯ್ತು! ಅಜ್ಜಿ ಬರೆದದ್ದನ್ನ ಅತ್ತೆಗೆ ಓದಿ ಹೇಳಿದೆ. ಮಾತಾಡ್ಲಿಲ್ಲ, ಕಲ್ಲುಸಕ್ಕರೆ ಡಬ್ಬಿ ಅಟ್ಟಕ್ಕೆ ಹೋಗಿದೆ. ದಾವಣಗೆರೆ ಅಕ್ಕ, ಹಲ್ಲು ಕಿತ್ತ ಎಷ್ಟು ದಿನಕ್ಕೆ ಆಪರೇಷನ್ ಮಾಡಿದ್ರು?

ದಾವಣಗೆರೆಯ ಅಮ್ಮ:
ನಮಗೆ ಮೂರು ವಾರ ಆದ್ಮೇಲೆ. ಒಸಡು ಮಾಗಿದೆಯಾ ಅಂತ ಡೆಂಟಲ್ ಕಾಲೇಜಲ್ಲಿ ಮತ್ತೆ ನೋಡಿ ಬರೆದುಕೊಟ್ರು. ಆ ಕಾಗದ ಬೆಂಗಳೂರಲ್ಲಿ ಕೇಳ್ತಾರೆ, ಮರೀಬೇಡಿ.