28-0-28 ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಅದರ ಜಾಗಕ್ಕೆ 32-0-32 ಹಾಕಬಹುದೇ?

ಪ್ರಶ್ನೆ: ನನ್ನ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ನ ಪವರ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿ (ಮೇನ್ಸ್ ಕರೆಂಟ್ ಬರುವ ಸುರುಳಿ) ಓಪನ್ ಆಗಿದೆ, ಅಂದರೆ ಕರೆಂಟ್ ಹರಿಯುತ್ತಿಲ್ಲ. ಸೆಕೆಂಡರಿ (ಹೊರಗೆ ಕೊಡುವ ಸುರುಳಿ) 28-0-28 ವೋಲ್ಟ್, ಅಂದರೆ ನಡುವಿನ ತಂತಿಯಿಂದ ಎರಡೂ ಕಡೆ 28; ಜೊತೆಗೆ ರಿಲೇಗೆಂದು (ವಿದ್ಯುತ್ತಿನಿಂದ ನಡೆಯುವ ಸ್ವಿಚ್) 12 ವೋಲ್ಟಿನ ಬೇರೆ ವೈಂಡಿಂಗ್ ಇತ್ತು. ನನ್ನ ಬಳಿ 32-0-32ರ ಟೊರಾಯ್ಡ್ (ಉಂಗುರಾಕಾರದ ಟ್ರಾನ್ಸ್‌ಫಾರ್ಮರ್) ಒಂದಿದೆ. ಫಿಲ್ಟರ್ ಕೆಪಾಸಿಟರ್‌ಗಳು 50 ವೋಲ್ಟಿನವು. ಹೀಗೆ ಬದಲಿಸಿದವರು ತಮ್ಮ ಅನುಭವ ತಿಳಿಸಬೇಕೆಂದು ವಿನಂತಿ.

ಒಂದನೇ ಉತ್ತರ: ನಾನು 25-0-25ರ ಜಾಗದಲ್ಲಿ 30-0-30 ಹಾಕಿ ಕೈ ಸುಟ್ಟುಕೊಂಡವನು. ನನ್ನದು ಟಿಡಿಎ7294 ಐಸಿಯ ಬೋರ್ಡ್. ಸಿಗ್ನಲ್ ಇರುವಾಗ ಅದರ ಮಿತಿ ಎರಡೂ ಕಡೆ 40 ವೋಲ್ಟ್. ಎಸಿಯ 30ನ್ನು ಡಿಸಿ ಲೆಕ್ಕಕ್ಕೆ 1.414ರಿಂದ ಗುಣಿಸಿ, ಡಯೋಡ್‌ಗಳಲ್ಲಿ ಹೋಗುವುದನ್ನು ಕಳೆದರೆ 41 ಬಂತು. ಒಂದು ವೋಲ್ಟ್ ತಾನೇ ಎಂದು ಸಮಾಧಾನಪಟ್ಟುಕೊಂಡೆ. ಲೇಬಲ್ಲಿನ ವೋಲ್ಟೇಜ್ ಪೂರ್ಣ ಲೋಡ್‌ನದು ಎಂಬುದು ಆಗ ನೆನಪಿಗೇ ಬರಲಿಲ್ಲ. ಲೋಡ್ ಇಲ್ಲದಾಗ ಸೆಕೆಂಡರಿ 33.6 ತೋರಿಸುತ್ತಿತ್ತು, ರೈಲ್ (ಬೋರ್ಡಿಗೆ ಹೋಗುವ ಡಿಸಿ ವೋಲ್ಟೇಜ್) ಹತ್ತಿರ ಹತ್ತಿರ 46.5. ಎರಡು ದಿನ ಚೆನ್ನಾಗಿಯೇ ಹಾಡಿತು. ಮೂರನೆಯ ದಿನ ಎಡ ಚಾನೆಲ್‌ನ ಐಸಿ ಸಿಡಿದು, ಪಾಸಿಟಿವ್ ರೈಲ್ ನೇರವಾಗಿ ಸ್ಪೀಕರ್‌ಗೆ ನುಗ್ಗಿ ವೂಫರ್‌ನ ವಾಯ್ಸ್ ಕಾಯಿಲ್ ಕರಕಲಾಯಿತು. ಕಾರಣ ಹುಡುಕದೆ ಎರಡನೇ ಐಸಿ ಹಾಕಿದೆ, ಅದೂ ಹೋಯಿತು. ಮೂರನೆಯದೂ ಹೋದ ಮೇಲೆ ಬುದ್ಧಿ ಬಂತು. ಮೂರು ಐಸಿ, ಎರಡು 10,000 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು ವೂಫರ್, ನಾಲ್ಕು ಭಾನುವಾರ: ಇಷ್ಟನ್ನು ಕಳೆದುಕೊಂಡ ಬಳಿಕ ಮತ್ತೆ 25-0-25ಕ್ಕೇ ಮರಳಿದೆ.

ಎರಡನೇ ಉತ್ತರ: ಮೂಲ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಮತ್ತೆ ಸುತ್ತುವುದೇ ನಿಜವಾದ ರಿಪೇರಿ; ಸಿಕ್ಕಿದ ಟೊರಾಯ್ಡ್ ತಂದು ಕೂರಿಸುವುದು ರಿಪೇರಿಯಲ್ಲ. ವಾರ್ನಿಷ್ ಹಿಡಿದ ಇಐ ಪಟ್ಟಿಗಳನ್ನು (E ಮತ್ತು I ಆಕಾರದ ಕಬ್ಬಿಣದ ತಗಡುಗಳು) ಒಂದೊಂದಾಗಿ ಬಿಡಿಸಲು ನನಗೆ ಎರಡು ದಿನ ಬೇಕಾಯಿತು. ನಡುಗಾಲಿನ ವಿಸ್ತೀರ್ಣ 12 ಚದರ ಸೆಂಟಿಮೀಟರ್. 50 ಹರ್ಟ್ಸ್‌ನಲ್ಲಿ ಒಂದು ಟೆಸ್ಲಾ ಕಾಂತಕ್ಷೇತ್ರದ ಲೆಕ್ಕಕ್ಕೆ 45ನ್ನು 12ರಿಂದ ಭಾಗಿಸಿದರೆ ವೋಲ್ಟಿಗೆ 3.75 ಸುತ್ತು, ಅಂದರೆ 230 ವೋಲ್ಟಿಗೆ ಸುಮಾರು 863 ಸುತ್ತು. ಮೊದಲ ಸಲ ಪದರಗಳ ನಡುವಿನ ಕಾಗದವನ್ನು ಒಂದು ಕಡೆ ತಪ್ಪಿಸಿದ್ದರಿಂದ ಒಳಗೆ ಸುತ್ತುಗಳು ಷಾರ್ಟ್ ಆದವು, ಪರೀಕ್ಷೆಗೆಂದು ಸರಣಿಯಲ್ಲಿಟ್ಟ 60 ವ್ಯಾಟ್ ಬಲ್ಬ್ ಯಾವ ಲೋಡ್ ಇಲ್ಲದೆಯೂ ಝಗಝಗ ಉರಿಯಿತು. ಎಲ್ಲವನ್ನೂ ಬಿಚ್ಚಿ ಎರಡನೇ ಸಲ ಸುತ್ತಿದೆ. ಈಗ ಕಿವಿಯಿಟ್ಟರೂ ಹಮ್ (ಗುಂಯ್ ಸದ್ದು) ಇಲ್ಲ.

ಮೂರನೇ ಉತ್ತರ: ‘ರಿಪೇರಿಯಲ್ಲ’ ಎಂಬ ಮಾತನ್ನು ಒಪ್ಪಲಾರೆ. ವೋಲ್ಟೇಜ್ ಮೂಲದಷ್ಟೇ ಇಟ್ಟು, 160 ವಿಎ (ವೋಲ್ಟ್-ಆಂಪಿಯರ್, ಸಾಮರ್ಥ್ಯದ ಅಳತೆ) ಬದಲಿಗೆ 300 ವಿಎ ಟೊರಾಯ್ಡ್ ಹಾಕಿದ ನನ್ನ ಆಂಪ್ಲಿಫೈಯರ್ ನಿಮ್ಮದಕ್ಕಿಂತ ತಣ್ಣಗಿದೆ. ಕಷ್ಟ ನನಗೂ ತಪ್ಪಲಿಲ್ಲ. ಸ್ವಿಚ್ ಒತ್ತಿದಾಗಲೆಲ್ಲ ಫ್ಯೂಸ್ ಹೋಗುತ್ತಿತ್ತು. ನಿಧಾನವಾಗಿ ಕರಗುವ ಫ್ಯೂಸ್ ಹಾಕಿದರೂ ಐದರಲ್ಲಿ ಒಂದು ಸಲ ಹೋಗುತ್ತಿತ್ತು. ಪ್ರೈಮರಿಗೆ ಸರಣಿಯಲ್ಲಿ 47 ಓಮ್, 10 ವ್ಯಾಟ್ ರೆಸಿಸ್ಟರ್ ಕೊಟ್ಟು, ಒಂದು ಸೆಕೆಂಡಿನ ಬಳಿಕ ಕರೆಂಟು ಅದನ್ನು ಬಿಟ್ಟು ರಿಲೇ ಮೂಲಕ ಹರಿಯುವಂತೆ ಮಾಡಿದ ಮೇಲೆ ಆ ಕಾಟ ನಿಂತಿತು. ಅದಕ್ಕಿಂತ ದೊಡ್ಡ ತಪ್ಪು ಬೋಲ್ಟಿನದು: ಟೊರಾಯ್ಡ್‌ನ ನಡುವೆ ಹಾದ ಬೋಲ್ಟಿನ ತುದಿ ಮೇಲಿನ ಮುಚ್ಚಳಕ್ಕೆ ತಾಗಿ, ಬೋಲ್ಟು, ಮುಚ್ಚಳ, ತಳ ಎಲ್ಲ ಸೇರಿ ಒಂದು ಷಾರ್ಟ್ ಆದ ಸುತ್ತಾಯಿತು, ಹೊಗೆ ಎದ್ದಿತು. ಬೋಲ್ಟನ್ನು ಎರಡು ಸೆಂಟಿಮೀಟರ್ ಕತ್ತರಿಸಿದೆ. ರಿಲೇಯ 12 ವೋಲ್ಟಿಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇರೆಯೇ ಇಟ್ಟೆ.

ನಾಲ್ಕನೇ ಉತ್ತರ: ಇಷ್ಟು ಜನರಲ್ಲಿ ಒಬ್ಬರೂ ಹೊರಗಿನ ಟೇಪ್ ಬಿಡಿಸಿ ನೋಡಿ ಎನ್ನಲಿಲ್ಲವಲ್ಲ! ನನ್ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿಯೊಂದಿಗೆ ಸರಣಿಯಲ್ಲಿದ್ದ 130 ಡಿಗ್ರಿಯ ಥರ್ಮಲ್ ಫ್ಯೂಸ್ (ಬಿಸಿ ಮೀರಿದರೆ ಕಡಿದುಹೋಗುವ ಫ್ಯೂಸ್) ಮಾತ್ರ ಹೋಗಿತ್ತು, ತಾಮ್ರ ಚೆನ್ನಾಗಿತ್ತು. ಹೊಸದನ್ನು ಬೆಸುಗೆ ಹಾಕುವಾಗ ಅದರ ತಂತಿಯ ಬಿಸಿಗೇ ಅದು ಸತ್ತಿತು; ಎರಡನೆಯದನ್ನು ಒತ್ತಿ ಕೂಡಿಸಿದೆ. ಮೂಲ ಕಾರಣ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನಲ್ಲಿ ಷಾರ್ಟ್ ಆಗಿದ್ದ ಡಯೋಡ್.

ಎರಡನೇ ಉತ್ತರದವರು: ಅಂಥ ಫ್ಯೂಸ್ ನನ್ನದರಲ್ಲೂ ಇತ್ತು, ನಾನು ಸುತ್ತುವಾಗ ಬಿಟ್ಟುಬಿಟ್ಟೆ. ಹೊರಗೆ ಗಾಜಿನ ಫ್ಯೂಸ್ ಇರುವಾಗ ಅದರ ಅಗತ್ಯವೇನು?

ನಾಲ್ಕನೇ ಉತ್ತರದವರು: ಗಾಜಿನ ಫ್ಯೂಸ್ ಕರೆಂಟನ್ನು ಮಾತ್ರ ಅರಿಯುತ್ತದೆ, ಸುರುಳಿಯೊಳಗಿನ ಬಿಸಿಯನ್ನಲ್ಲ. ಫ್ಯೂಸ್ ತಡೆದುಕೊಳ್ಳುವಷ್ಟೇ ಹೆಚ್ಚುವರಿ ಕರೆಂಟ್ ಗಂಟೆಗಟ್ಟಲೆ ಹರಿದರೆ ನಿಮ್ಮ 863 ಸುತ್ತುಗಳು ಮೌನವಾಗಿ ಬೇಯುತ್ತವೆ. ಎರಡು ದಿನ ಪಟ್ಟಿ ಬಿಡಿಸುವ ತಾಳ್ಮೆಯಿದ್ದವರು ಬೆರಳುದ್ದದ ಒಂದು ಭಾಗವನ್ನು ಬಿಟ್ಟದ್ದು ನನಗೆ ಅರ್ಥವಾಗುವುದಿಲ್ಲ.

ಎರಡನೇ ಉತ್ತರದವರು: ನನ್ನ ಕೆಲಸವನ್ನು ನೋಡದೆ ತೀರ್ಪು ಕೊಡಬೇಡಿ.

ಒಂದನೇ ಉತ್ತರದವರು: ಜಗಳದ ನಡುವೆ ಕೇಳಿದವರನ್ನು ಮರೆತಿದ್ದೇವೆ. ನಿಮ್ಮ 32 ಲೋಡ್ ಇಲ್ಲದಾಗ ಹತ್ತು ಪ್ರತಿಶತ ಏರಿದರೂ 35.2, ರೈಲ್ 48.8ರ ಸುತ್ತ ನಿಲ್ಲುತ್ತದೆ. 50 ವೋಲ್ಟಿನ ಕೆಪಾಸಿಟರ್‌ನಲ್ಲಿ ಉಳಿಯುವುದು ಒಂದು ವೋಲ್ಟಿನ ಅಂತರ, ನಾನು ನಂಬಿ ಕೆಟ್ಟದ್ದೂ ಅದೇ ಒಂದು ವೋಲ್ಟನ್ನು. ಮೊದಲು ಟೇಪ್ ಬಿಡಿಸಿ ನೋಡಿ.