ಬಿಳಿ ನಿಲುವಂಗಿ, ಜೇಬಲ್ಲಿ ಕಲ್ಲು

“ಐದು ಸಾವಿರ ವರ್ಷದ ಪರಂಪರೆ ಕಣ್ರೋ!” ಅಂದ ರಘು. ಜೂನ್ 21ರ ಸೂರ್ಯೋದಯ ನೋಡಲು ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತ ಸ್ಟೋನ್‌ಹೆಂಜ್‌ಗೆ ಹೋಗಿದ್ದವನು, ರೋಮನ್ನರ ಕಾಲದ ಬ್ರಿಟನ್ನಿನ ಪುರೋಹಿತರ ಹೆಸರು ಹೇಳಿಕೊಂಡು ಬಿಳಿ ನಿಲುವಂಗಿ ತೊಟ್ಟ ಡ್ರೂಯಿಡರನ್ನು ಕಂಡು ಮರುಳಾಗಿ ಬಂದಿದ್ದ. ಬ್ರಿಸ್ಟಲ್‌ನಲ್ಲಿ ನಾವು ನಾಲ್ಕು ಜನ ಕನ್ನಡದವರು ಸೇರಿದರೆ ಊಟಕ್ಕಿಂತ ಮಾತೇ ಜಾಸ್ತಿ.

“ಆ ಕಲ್ಲು ನಿಲ್ಲಿಸಿ ಎರಡು ಸಾವಿರ ವರ್ಷ ಆದಮೇಲೆ ಡ್ರೂಯಿಡರ ಹೆಸರು ಕೇಳಿಬರೋದು” ಅಂದಳು ಸುಮಾ. “ಕಲ್ಲಿಗೂ ಡ್ರೂಯಿಡರಿಗೂ ಗಂಟು ಹಾಕಿದ್ದು 17ನೇ ಶತಮಾನದ ಜಾನ್ ಆಬ್ರಿ. ಅದನ್ನು ಬಿಗಿ ಮಾಡಿದ್ದು 1740ರಲ್ಲಿ ಪುಸ್ತಕ ಬರೆದ ವಿಲಿಯಂ ಸ್ಟುಕ್ಲಿ.”

“ನಮ್ಮ ಕಡೆ ದೊಡ್ಡ ಕಲ್ಲು ಕಂಡರೆ ಪಾಂಡವರ ಮನೆ ಅಂತಾರಲ್ಲ, ಹಂಗೆ” ಅಂದ ವೆಂಕಿ, ಹಪ್ಪಳ ಮುರಿಯುತ್ತಾ.

“ಮತ್ತೆ ಡ್ರೂಯಿಡರು ಓಕ್ ಮರದ ಬಂದಳಿಕೆ ಕೊಯ್ತಿದ್ದ ಆ ಚಿನ್ನದ ಕುಡುಗೋಲು?” ಅಂದ ರಘು.

“ಅದು ರೋಮಿನ ಪ್ಲಿನಿ ಬರೆದಿದ್ದು” ಅಂದಳು ಸುಮಾ. “ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ ಮಾರಾಯ, ಎಲ್ಲ ಬಾಯಿಪಾಠ, ಕೆಲವರು 20 ವರ್ಷ ಕಲೀತಿದ್ರು ಅಂತ ಸೀಸರ್ ಹೇಳ್ತಾನೆ. ನರಬಲಿ ಕೊಡ್ತಿದ್ರು ಅಂತಾನೂ ಅವನೇ ಹೇಳ್ತಾನೆ.”

“ಅಂದ್ರೆ ಈಗಿನವರು ಕುಡುಗೋಲು ಇಟ್ಕೊಂಡು ನರಬಲಿ ಬಿಟ್ಟರು. ಒಳ್ಳೇದೇ ಆಯ್ತಲ್ವಾ!”

ನನಗೆ ಮಾತ್ರ ಆ ಹಳೇ ಡ್ರೂಯಿಡರಿಗಿಂತ ಯೊಲೊ ಮೊರ್ಗಾನುಗ್ ಅನ್ನೋ ಆಸಾಮಿಯೇ ಇಷ್ಟ. ನಿಜವಾದ ಹೆಸರು ಎಡ್ವರ್ಡ್ ವಿಲಿಯಮ್ಸ್, ವೇಲ್ಸ್‌ನ ಗ್ಲಮೋರ್ಗನ್ ಸೀಮೆಯ ಕಲ್ಲುಕುಟಿಗ, ಅಫೀಮಿನ ಔಷಧಿಗೆ ದಾಸ. ಡ್ರೂಯಿಡರ ಗುಟ್ಟು ತಮ್ಮ ಸೀಮೆಯಲ್ಲಿ ಮಾತ್ರ ಉಳಿದಿದೆ ಅಂತ ಹೇಳಿಕೊಂಡು, 1792ರಲ್ಲಿ ಲಂಡನ್‌ನ ಪ್ರಿಮ್‌ರೋಸ್ ಗುಡ್ಡ ಹತ್ತಿ, ಜೇಬಿಂದ ಸಣ್ಣ ಕಲ್ಲು ತೆಗೆದು ವೃತ್ತ ಮಾಡಿಟ್ಟು, ಗೊರ್ಸೆತ್ ಅನ್ನೋ ಕವಿಗಳ ಸಭೆಯನ್ನೇ ನಡೆಸಿಬಿಟ್ಟ. ತಾನೇ ಬರೆದ ಪದ್ಯಗಳನ್ನು 14ನೇ ಶತಮಾನದ ವೆಲ್ಷ್ ಕವಿ ದಾವಿದ್ ಆಪ್ ಗ್ವಿಲಿಮ್ ತಲೆಗೆ ಕಟ್ಟಿದ. ಅವು 1789ರಲ್ಲಿ ಆ ಕವಿಯ ಸಂಗ್ರಹದಲ್ಲೇ ಅಚ್ಚಾದವು! ಪಂಡಿತರು ಅವನ ಜಾಡು ಪೂರ್ತಿ ಹಿಡಿದಿದ್ದು 20ನೇ ಶತಮಾನದಲ್ಲಿ. ಬೇರೆಯವರ ಪದ್ಯ ಕದ್ದು ತನ್ನದು ಅನ್ನೋರು ಬೇಕಾದಷ್ಟು ಜನ ಇದ್ದಾರೆ, ಈ ಪುಣ್ಯಾತ್ಮ ತನ್ನದನ್ನೇ ಬೇರೆಯವರಿಗೆ ದಾನ ಮಾಡಿದ.

“ಹಾಗಾದ್ರೆ ಎಲ್ಲಾ ಬೋಗಸ್ಸಾ?” ರಘುವಿನ ಮುಖ ಸಪ್ಪಗಾಯಿತು.

“ಬೋಗಸ್ ಯಾಕೆ?” ಅಂದಳು ಸುಮಾ. “ಗೊರ್ಸೆತ್ 1819ರಲ್ಲಿ ವೇಲ್ಸ್‌ನ ಕವಿಮೇಳ ಐಸ್ಟೆದ್‌ವೊಡ್‌ಗೆ ಸೇರಿಕೊಂಡು ಇವತ್ತಿಗೂ ನಡೀತಿದೆ. ವೆಲ್ಷ್‌ನಲ್ಲಿ ಬರೆಯೋರಿಗೆ ಅಂಥ ಮರ್ಯಾದೆ ಬೇರೆಲ್ಲಿ ಸಿಗುತ್ತೆ? ಡ್ರೂಯಿಡ್ ಧರ್ಮ ಅಂತ ಪಾಲಿಸೋರಲ್ಲೂ ಎಷ್ಟೋ ಜನ, ನಮ್ಮದು ಹೊಸದೇ, ಮರ ಗಿಡ ಪ್ರೀತಿಸೋಕೆ ಹಳೇ ಸರ್ಟಿಫಿಕೇಟ್ ಬೇಡ ಅಂತಾರೆ. ನೀನೇ ಸುಮ್ನೆ ಐದು ಸಾವಿರ ವರ್ಷ ಹಚ್ಚಿದ್ದು.”

“ಐಸ್ಟೆದ್‌ವೊಡ್‌ನಲ್ಲಾದರೂ ನಿಜವಾದ ಕಲ್ಲು ಇರುತ್ತಲ್ಲ?”

“ಮೊದಲು ಇರ್ತಿತ್ತು. ಈಗ ಊರಿಂದ ಊರಿಗೆ ಸಾಗಿಸೋಕೆ ಸುಲಭ ಅಂತ ಫೈಬರ್‌ಗ್ಲಾಸಿಂದು.”

“ಅಯ್ಯೋ, ಕಲ್ಲುಕುಟಿಗನ ಸಭೆಗೆ ಫೈಬರ್ ಕಲ್ಲೇ? ಪಾಪ, ಯೊಲೊ ನೋಡಿದ್ರೆ ಎಷ್ಟು ನೊಂದ್ಕೋತಿದ್ದ!”

“ಅವನಾ?” ಅಂದ ವೆಂಕಿ. “ಇದೂ ಗ್ಲಮೋರ್ಗನ್ ಕಲ್ಲೇ ಅಂತ ದಾಖಲೆ ಬರ್ಕೊಡ್ತಿದ್ದ.”