ಮಂಗನ ಕಾಯಿಲೆ: ದರಕು ತರೋದನ್ನ ಬಿಡೋಕಾಗಲ್ಲ, ಏನು ಮಾಡೋದು?

ತೋಟದಮನೆ (ಸಾಗರ ತಾಲ್ಲೂಕು):
ನಮ್ಮೂರಿಂದ ಅರಳಗೋಡು ದೂರವೇನಲ್ಲ. 2019ರಲ್ಲಿ ಅಲ್ಲಿ ಮಂಗನ ಕಾಯಿಲೆಯಿಂದ ಜನ ಸತ್ತದ್ದನ್ನ ಇಲ್ಲಿ ಯಾರೂ ಮರೆತಿಲ್ಲ. ಮೊನ್ನೆ ಗುಡ್ಡದಾಚೆ ಒಂದು ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ. ಅಮ್ಮನಿಗೆ ಅರವತ್ತು ದಾಟಿದೆ, ಆದರೂ ಬೆಳಗಾದರೆ ಬುಟ್ಟಿ ಹಿಡಿದು ದರಕು, ಅಂದರೆ ಉದುರಿದ ಒಣ ಎಲೆ, ತರೋಕೆ ಬೆಟ್ಟಕ್ಕೆ ಹೊರಟುಬಿಡ್ತಾರೆ. ಬೇಡ ಅಂದರೆ, "ಕೊಟ್ಟಿಗೆಗೆ ಏನು ಹಾಸ್ತೀಯ, ನಿನ್ನ ಲ್ಯಾಪ್‌ಟಾಪಾ?" ಅಂತಾರೆ. ಮೊದಲೆಲ್ಲ ಲಸಿಕೆ ಹಾಕ್ತಿದ್ದರು, ಈಗ ಕೇಳಿದರೆ ಇಲ್ಲವಂತೆ. ಉಣುಗು (ಉಣ್ಣೆ ಹುಳ) ಹತ್ತದಂತೆ ಮೈಗೆ ಹಚ್ಚೋ ಡೇಪಾ ಎಣ್ಣೆ ಕೊಟ್ಟು ಹೋಗಿದ್ದಾರೆ, ಬಾಟಲಿ ಕಿಟಕಿಯಲ್ಲೇ ಕೂತಿದೆ. ಗೊತ್ತಿದ್ದವರು ಹೇಳಿ.

ಬಯಲುಸೀಮೆಯವ:
ಮಂಗಗಳನ್ನೇ ಊರಿಂದ ಓಡಿಸಿದರೆ ಆಯ್ತಲ್ಲ?

ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ:
ಅಣ್ಣಾ, ಈ ಕಾಯಿಲೆ ಹರಡೋದು ಉಣುಗು, ಮಂಗನಿಗೂ ನಮಗೂ ಕಚ್ಚೋದು ಅದೇ. ಪಾಪ, ನಮಗಿಂತ ಮೊದಲು ಸಾಯೋದು ಮಂಗ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಈ ವೈರಸ್ ಸಿಕ್ಕಿದ್ದೂ ಸತ್ತ ಮಂಗಗಳ ಜಾಡು ಹಿಡಿದೇ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗೆಲ್ಲ ಸುತ್ತ ಉದುರುತ್ತೆ. ಅದಕ್ಕೇ 50 ಮೀಟರ್ ಸುತ್ತ ಉಣುಗು ಕೊಲ್ಲೋ ಮೆಲಾಥಿಯಾನ್ ಪುಡಿ ಹಾಕೋದು. ಓಡಿಸೋದಲ್ಲ, ಸತ್ತದ್ದು ಕಂಡ ದಿನವೇ ತಿಳಿಸೋದು ಮುಖ್ಯ. ತೋಟದಮನೆಯವರೇ, ಆ ಸುದ್ದಿಯನ್ನ ನಿಮ್ಮೂರ ಆಶಾಗೆ ಇವತ್ತೇ ಹೇಳಿ. ನೋಡೋಕಂತ ಹತ್ತಿರ ಹೋಗಬೇಡಿ.

ಹಳೇ ಲಸಿಕೆ 2022ರಲ್ಲಿ ನಿಂತಿತು. ಬೂಸ್ಟರ್ ಮೇಲೆ ಬೂಸ್ಟರ್ ಹಾಕಿದರೂ ರಕ್ಷಣೆ ಸಾಲುತ್ತಿರಲಿಲ್ಲ. ನೋವಿಗೆ ಹೆದರಿ ಎರಡನೇ ಡೋಸಿಗೆ ಜನ ಹಿತ್ತಲಿಂದ ಓಡೋರು! ಹೊಸದು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕಡೆಯಿಂದ ತಯಾರಾಗ್ತಿದೆ.

ಕಾಡಿಗೆ ಹೋಗಬೇಡಿ ಅಂತ ಕರಪತ್ರದಲ್ಲಿ ಬರೆದುಬಿಡಬಹುದು. ಅದನ್ನ ಮನೆಮನೆಗೆ ಹಂಚಿ ಬೈಸಿಕೊಂಡವಳು ನಾನು. ದರಕು ಉದುರೋದು, ಮರಿ ಉಣುಗು ಏಳೋದು ಎರಡೂ ಒಂದೇ ಕಾಲಕ್ಕೆ, ಡಿಸೆಂಬರಿಂದ ಮೇವರೆಗೆ. ಈ ಮರಿ ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗಲ್ಲ. ಹಾಗಾಗಿ ಅಮ್ಮನನ್ನ ತಡೆಯೋ ಬದಲು ಅವರು ಹೋಗೋ ರೀತಿ ಬದಲಿಸಿ. ನಮ್ಮೂರ ಹೆಂಗಸರು ಸೀರೆ ಮೇಲೆ ಗಂಡಂದಿರ ಹಳೇ ತುಂಬುತೋಳಿನ ಶರ್ಟು ಹಾಕ್ತಾರೆ, ಅದು ಒಳ್ಳೇದೇ. ಆದರೆ ಕಾಲು ಬರಿದು. ಒಳಗೊಂದು ಪ್ಯಾಂಟು, ಅದರ ತುದಿ ಸಾಕ್ಸಿನೊಳಗೆ. ಎಣ್ಣೆಯನ್ನ ಹೊರಡೋ ಮುಂಚೆ ಕೈಕಾಲಿಗೆ, ಕುತ್ತಿಗೆಗೆ ಹಚ್ಚಬೇಕು. "ವಾಸನೆ" ಅಂತಾರೆ, ಅನ್ನಲಿ. ದರಕಿನ ಮೇಲೆ ಕೂತು ಎಲೆಅಡಿಕೆ ಹಾಕೋ ಅಭ್ಯಾಸ ಮಾತ್ರ ಬಿಡಿಸಿ. ಬುಟ್ಟಿಯನ್ನ ಜಗಲಿಗೆ ತರಬೇಡಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಅಮ್ಮ ಬಚ್ಚಲಿಗೆ.

ತೋಟದಮನೆ:
ನಮ್ಮಮ್ಮ ಪ್ಯಾಂಟು ಹಾಕೋದೇ? ಊರೇ ಸೇರುತ್ತೆ. ಜ್ವರ ಬಂದರೆ ಇದೇ ಕಾಯಿಲೆ ಅಂತ ಹೇಗೆ ಗೊತ್ತಾಗೋದು?

ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ:
ಮನೆಯಲ್ಲಿ ಗೊತ್ತಾಗಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿಯೋದು, ಮೈಕೈ ನೋವು, ಕಣ್ಣು ಕೆಂಪು. ಕೆಲವರಿಗೆ ಮೂಗಲ್ಲಿ, ವಸಡಲ್ಲಿ ರಕ್ತ. ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಿ "ಬೆಟ್ಟಕ್ಕೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಡೆಂಗಿ ಅಂದುಕೊಂಡು ಕೂರೋದೂ ಉಂಟು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ವೈರಸ್ಸಿಗೇ ಅಂತ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯೋದೇ ದಾರಿ. ಇನ್ನೊಂದು, ಜ್ವರ ಬಿಟ್ಟು ವಾರ ಕಳೆದ ಮೇಲೆ ಕೆಲವರಿಗೆ ಮತ್ತೆ ಬರುತ್ತೆ, ಕುತ್ತಿಗೆ ಬಿಗಿಯುತ್ತೆ, ಮಾತು ತಪ್ಪುತ್ತೆ. ವಾಸಿಯಾಯ್ತು ಅಂತ ಕೊಟ್ಟಿಗೆ ಕೆಲಸಕ್ಕೆ ಇಳಿಸಬೇಡಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ, ಹತ್ತಿರ ಕೂತು ಗಂಜಿ ಕೊಡೋಕೆ ಹೆದರಬೇಡಿ.

ಪ್ಯಾಂಟಿನ ವಿಷಯ: ನಮ್ಮತ್ತೆಯೂ ಹಾಗೇ ಅಂದಿದ್ದರು. ಮಗನ ಹಳೇ ಟ್ರ್ಯಾಕ್‌ಪ್ಯಾಂಟು ಕೊಟ್ಟೆ. ಈಗ ಪಕ್ಕದ ಮನೆಯವರೂ ಒಂದು ಕೇಳ್ತಿದಾರೆ.

ಗೋಶಾಲೆ:
ದನಗಳಿಗೂ ಉಣುಗು ಹತ್ತುತ್ತಲ್ಲ, ಮನೆಗೆ ತರಲ್ವಾ?

ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ:
ತರುತ್ತೆ. ಪಶು ಆಸ್ಪತ್ರೆಯಲ್ಲಿ ಕೇಳಿ, ಮೈಗೆ ಹಚ್ಚೋ ಔಷಧಿ ಕೊಡ್ತಾರೆ. ಕೈಯಲ್ಲಿ ಕಿತ್ತು ಉಗುರಲ್ಲಿ ಹಿಸುಕೋದು ಬೇಡ.